ಅಜ್ಜಿಯ ಆರನೇ ಒಂದು

ಅಬ್ಬ ತೀರಿಹೋದ ಕೆಲವು ತಿಂಗಳ ಬಳಿಕ ಕುಂದಾಪುರದ ನಮ್ಮ ಮನೆಯಲ್ಲಿ ಆಸ್ತಿಯ ಮಾತು ಎದ್ದಿತು. ಅಬ್ಬನ ತಾಯಿ ಇನ್ನೂ ಇದ್ದಾರೆ. ಅಜ್ಜ ಹೋಗಿ ವರ್ಷಗಳಾಗಿವೆ. "ಈ ವಯಸ್ಸಿನಲ್ಲಿ ಅಜ್ಜಿಗೆ ಪಾಲು ಯಾಕೆ? ನಾವೇ ನೋಡಿಕೊಳ್ತೇವಲ್ಲ" ಎಂದರು ಅಣ್ಣ. ನನಗೂ ಸರಿಯೆನಿಸಿತು.

ಅಂದು ರಾತ್ರಿ ಏಳನೇ ತರಗತಿಯ ಮಗಳು ಭಿನ್ನರಾಶಿಯ ಲೆಕ್ಕ ತಂದಳು. 1/8 + 1/6. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/14 ಎಂದು ಬರೆದಿದ್ದಳು. "ಅದು 1/7 ಆಯಿತು, 1/6ಕ್ಕಿಂತಲೂ ಕಡಿಮೆ. ಕೂಡಿಸಿದರೆ ಕಡಿಮೆಯಾಗುತ್ತದೆಯೇ ಮಗಳೇ?" ಎಂದೆ. ಛೇದ ಬೇರೆಯಾದರೆ ತುಂಡಿನ ಗಾತ್ರವೇ ಬೇರೆ. 8 ಮತ್ತು 6ರ ಲ.ಸಾ.ಅ. 24. ಆಗ 3/24 + 4/24 = 7/24.

ಬರೆಯುತ್ತಿದ್ದ ಕೈ ನಿಂತಿತು. ಮಕ್ಕಳಿರುವಾಗ ಪತ್ನಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು. ಸೂರಃ ಅನ್ನಿಸಾದ 11, 12ನೇ ಆಯತ್‌ಗಳ ಲೆಕ್ಕವೇ ಇದು! ಉಮ್ಮನಿಗೆ 3, ಅಜ್ಜಿಗೆ 4, ಉಳಿದ 17 ಮಾತ್ರ ಮಕ್ಕಳಾದ ನಮಗೆ.

ಮುಂದಿನದು 1/6 + (−1/8). ಋಣ ಚಿಹ್ನೆ ಕಂಡು ಮಗಳು ಹೆದರಿದಳು. "ಋಣವೆಂದರೆ ಸಾಲ. ಇರುವುದರಿಂದ ತೆಗೆ" ಎಂದೆ. 4/24ರಲ್ಲಿ 3/24 ಹೋಗಿ 1/24 ಉಳಿಯಿತು. ಪಾಲಿಗೆ ಮೊದಲು ಸಾಲ ತೀರಿಸಬೇಕೆಂದು ಅದೇ ಆಯತ್‌ಗಳು ಹೇಳುತ್ತವೆ. ಅಜ್ಜಿಯ ಹಕ್ಕನ್ನು ಕೊಡದಿದ್ದರೆ ಅದು ನಮ್ಮ ಮೇಲಿನ ಋಣವಲ್ಲವೇ?

ಬೆಳಿಗ್ಗೆ ಆ ಹಾಳೆಯನ್ನು ಅಣ್ಣನ ಮುಂದಿಟ್ಟೆ. ಓದಿದವರು ಸೀದಾ ಅಜ್ಜಿಯ ಕೋಣೆಗೆ ನಡೆದರು.

"ನನಗಿನ್ನೇನು ಬೇಕು ಮಗಾ?" ಎಂದರು ಅಜ್ಜಿ.

"ಬೇಕೋ ಬೇಡವೋ ಆಮೇಲೆ ನೀವೇ ಹೇಳಿ. ಮೊದಲು ಅದು ನಿಮ್ಮದು" ಎಂದರು ಅಣ್ಣ.