ಮೃಗಶಿರಾ ಮಳೆಯಲ್ಲಿ ಮೃಗಶಿರಾ ಎಲ್ಲಿ?

ಪಂಚಾಂಗ ಹಿಡಿದು ನಕ್ಷತ್ರ ನೋಡಲು ಹೊರಟವರಿಗೆ ಮೊದಲು ಸಿಗುವುದು ನಿರಾಸೆ. ಜೂನ್ 8ರ ಹೊತ್ತಿಗೆ ಊರಲ್ಲೆಲ್ಲ ಮೃಗಶಿರಾ ಮಳೆಯದೇ ಮಾತು: ಬೀಜ ಬಂತೇ, ಗೊಬ್ಬರ ಸಿಕ್ಕಿತೇ, ಟ್ರ್ಯಾಕ್ಟರ್ ಬಾಡಿಗೆ ಎಷ್ಟಾಯಿತು. ಅಷ್ಟು ಹೆಸರುವಾಸಿಯಾದ ನಕ್ಷತ್ರವನ್ನು ಒಮ್ಮೆ ನೋಡಿಬಿಡೋಣವೆಂದು ತಾರಸಿ ಹತ್ತಿದರೆ ರಾತ್ರಿಯಿಡೀ ಅದರ ಸುಳಿವಿಲ್ಲ. ಮೋಡ ಸರಿದರೂ ಇಲ್ಲ. ಆ ದಿನಗಳಲ್ಲಿ ಸೂರ್ಯ ಅದರ ಪಕ್ಕದಲ್ಲೇ ಬೀಡುಬಿಟ್ಟಿರುತ್ತಾನೆ. ಹೆಚ್ಚುಕಡಿಮೆ ಅವನೊಂದಿಗೇ ಹುಟ್ಟಿ ಅವನೊಂದಿಗೇ ಮುಳುಗುವ ನಕ್ಷತ್ರ ಕಾಣುವುದಾದರೂ ಹೇಗೆ? ನಮ್ಮ ರೈತರು ಹದಿಮೂರು-ಹದಿನಾಲ್ಕು ದಿನಕ್ಕೊಂದರಂತೆ ಲೆಕ್ಕ ಹಾಕುವ ರೋಹಿಣಿ, ಮೃಗಶಿರಾ, ಆರ್ದ್ರಾ ಮಳೆಗಳೆಲ್ಲ ಆಗ ಕಣ್ಣಿಗೆ ಬೀಳದ ನಕ್ಷತ್ರಗಳ ಹೆಸರಿನವೇ.

ನೋಡಲೇಬೇಕೆಂದರೆ ಜನವರಿಗೆ ಕಾಯಬೇಕು. ಸಂಕ್ರಾಂತಿಯ ಎಳ್ಳು ಬೀರಿ ಬಂದು ರಾತ್ರಿ ಎಂಟಕ್ಕೆ ಪೂರ್ವದ ಕಡೆ ತಲೆಯೆತ್ತಿದರೆ ಮಹಾವ್ಯಾಧ ಎದ್ದು ನಿಂತಿರುತ್ತಾನೆ. ಸೊಂಟಕ್ಕೆ ಸಾಲಾಗಿ ಮೂರು ಚುಕ್ಕಿ. ತಲೆಯ ಜಾಗದಲ್ಲಿ ಮಂಕಾದ ಇನ್ನೊಂದು ಮೂರರ ಗುಂಪು, ಅದೇ ಮೃಗಶಿರಾ. ಇಷ್ಟು ಬಡಪಾಯಿ ಚುಕ್ಕಿಗಳಿಗೆ ಇಷ್ಟು ದೊಡ್ಡ ಮಳೆಯೇ ಎನಿಸದೆ ಇರದು. ಹೆಗಲಲ್ಲಿರುವ ಕೆಂಪು ಆರ್ದ್ರಾ ಮಾತ್ರ ಜೋರು. 2019ರ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಕಳೆಗುಂದಿದಾಗ ಇನ್ನೇನು ಸಿಡಿದೇಬಿಡುತ್ತದೆ ಎಂದು ಜಗತ್ತೇ ಕಣ್ಣರಳಿಸಿತ್ತು. ಅದೇ ಉಗುಳಿದ ಅನಿಲ ತಣಿದು ದೂಳಾಗಿ ಅದಕ್ಕೇ ಅಡ್ಡ ಬಂದಿತ್ತಂತೆ.

ಸೊಂಟದ ಕೆಳಗೆ ಕತ್ತಿಯಂತೆ ಇಳಿಬಿದ್ದ ಸಾಲಿನ ನಡುವೆ ಒಂದು ಚುಕ್ಕಿ ಚುಕ್ಕಿಯಂತಿಲ್ಲ. ತಾರಸಿಯ ಮೋಟುಗೋಡೆಗೆ ಮೊಣಕೈ ಊರಿ ದುರ್ಬೀನು ಹಿಡಿಯಿರಿ, ಕೈ ಅಲುಗಬಾರದು. ಗಾಜಿನ ಮೇಲೆ ಯಾರೋ ಉಸಿರು ಬಿಟ್ಟಂಥ ಬೂದುಬೆಳಕು, ಅದರೊಳಗೆ ಸೂಜಿಮೊನೆಯಂಥ ನಕ್ಷತ್ರಗಳು. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ನೀಹಾರಿಕೆ ಅದು. ನಮಗೂ ಅದಕ್ಕೂ ಸುಮಾರು 1,300 ಜ್ಯೋತಿರ್ವರ್ಷ. ಟೆಲಿಸ್ಕೋಪ್ ಕೊಳ್ಳುವ ಆತುರದಲ್ಲಿರುವವರಿಗೆ ಮೊದಲು ಇದನ್ನು ನೋಡಿ ಎನ್ನುತ್ತೇನೆ. ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ಜನವರಿಯವರೆಗೆ ತಡೆಯಲಾರದವರಿಗೆ ಒಳದಾರಿಯೊಂದಿದೆ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ, ತಿಂಗಳಿಗೆ ಎರಡು ಗಂಟೆ. ಹಾಗಾಗಿ ಸೆಪ್ಟೆಂಬರ್ ನಡುವಿನ ಬೆಳಗಿನ ಜಾವ ನಾಲ್ಕರ ಆಕಾಶವೂ ಸಂಕ್ರಾಂತಿಯ ರಾತ್ರಿ ಎಂಟರ ಆಕಾಶವೂ ಒಂದೇ. ಹಾಲಿನವರು, ಪೇಪರಿನವರು, ಮೊದಲ ಬಸ್ಸಿನ ಡ್ರೈವರು ಅದನ್ನು ನಮಗಿಂತ ನಾಲ್ಕು ತಿಂಗಳು ಮುಂಚೆಯೇ ನೋಡಿರುತ್ತಾರೆ.

ಮಳೆಗಾಲದ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಆಕಾಶಗಂಗೆಯ ದಟ್ಟ ಭಾಗ ವೃಶ್ಚಿಕ-ಧನುಗಳ ನಡುವೆ ಮೇಲೇರುವುದು ಸರಿಯಾಗಿ ಆಗಲೇ. ಕರಾವಳಿ, ಮಲೆನಾಡಿನವರಿಗೆ ಕಾಣುವುದು ಸೋರುವ ಸೂರು. ಆಗಸ್ಟಿನ ಉಲ್ಕಾವರ್ಷದ ಗತಿಯೂ ಅದೇ. ಡಿಸೆಂಬರ್ 14ರ ಆಸುಪಾಸಿನ ಮಿಥುನದ ಉಲ್ಕೆಗಳು ಆ ನಷ್ಟ ತುಂಬಿಕೊಡುತ್ತವೆ.

ಇನ್ನು ಮದುವೆ ಕಾಲ. ಮುಹೂರ್ತ ಹಗಲು ಹನ್ನೊಂದಕ್ಕೆ. ಪುರೋಹಿತರು ವಧೂವರರನ್ನು ಛತ್ರದ ಬಾಗಿಲಿಗೆ ಕರೆತಂದು ಉರಿಬಿಸಿಲಿಗೆ ಬೆರಳು ತೋರಿಸಿ, ‘ಅಗೋ ಅರುಂಧತಿ, ಕಾಣಿಸ್ತೇನಮ್ಮಾ?’ ಎನ್ನುತ್ತಾರೆ. ವೀಡಿಯೊದವನು ‘ಸಾರ್, ಕೈ ಸ್ವಲ್ಪ ಮೇಲೆ’ ಎನ್ನುತ್ತಾನೆ. ಇಬ್ಬರೂ ಕಾಣಿಸಿತೆಂದು ತಲೆಯಾಡಿಸುತ್ತಾರೆ. ವೈಶಾಖದ ಮದುವೆಯಾದರೆ ಅದೇ ರಾತ್ರಿ ಒಂಬತ್ತಕ್ಕೆ, ಉತ್ತರದಲ್ಲಿ ಸಪ್ತರ್ಷಿಗಳ ಬಾಲದ ನಡುವಿನ ವಸಿಷ್ಠನಿಗೆ ಅಂಟಿಕೊಂಡು ಅರುಂಧತಿ ನಿಜವಾಗಿಯೂ ಕಾಣುತ್ತಾಳೆ. ಆಗ ತೋರಿಸಲು ಪುರೋಹಿತರೂ ಇರುವುದಿಲ್ಲ, ವೀಡಿಯೊದವನೂ ಇರುವುದಿಲ್ಲ. ಮಾರ್ಗಶಿರದಲ್ಲಿ ಮದುವೆಯಾದವರು ನಡುರಾತ್ರಿ ದಾಟುವವರೆಗೆ ಎದ್ದಿರಬೇಕು.

ಅದೇ ಮೇ ತಿಂಗಳಲ್ಲಿ, ಅದೇ ಒಂಬತ್ತು ಗಂಟೆಗೆ, ಹಿಂತಿರುಗಿ ದಕ್ಷಿಣಕ್ಕೆ ನೋಡಿದರೆ ತ್ರಿಶಂಕು. ಗಾಳಿಪಟದ ಆಕಾರದ ನಾಲ್ಕು ನಕ್ಷತ್ರಗಳು ಮರಗಳ ಎತ್ತರದಲ್ಲೇ ಸಾಗಿಹೋಗುತ್ತವೆ. ಹಿಮಾಲಯದ ಕತ್ತಲು ಹುಡುಕಿಕೊಂಡು ಲಡಾಖಿನ ಹಾನ್ಲೆಗೆ ಹೋಗುವವರಿಗೆ ಅಲ್ಲಿ ಇದು ದಿಗಂತದ ಬೆಟ್ಟ ದಾಟಿ ಮೇಲೇಳುವುದೇ ಇಲ್ಲ. ಬೆಂಗಳೂರಿನಲ್ಲಿ ಅದರ ಬುಡದ ನಕ್ಷತ್ರ ಏರುವುದು 14 ಡಿಗ್ರಿ, ಬೀದರಿನಲ್ಲಿ ಬರೀ 9. ಧ್ರುವನದು ತಿರುಗಾಮುರುಗಾ: ಬೆಂಗಳೂರಿಗೆ 13, ಬೀದರಿಗೆ 18. ಬೀದರಿನವರಿಗೆ ಉತ್ತರದಲ್ಲಿ ದಕ್ಕಿದ ಐದು ಡಿಗ್ರಿಯನ್ನು ದಕ್ಷಿಣದಲ್ಲಿ ಮುರಿದುಕೊಂಡಿದ್ದಾರೆ.