ಅಂಗಡಿಯ ಹಲಗೆ

ಅಕ್ಷರವೆಂಬ ಮಾತಿಗೆ ಸಂಸ್ಕೃತದಲ್ಲಿ ನಾಶವಿಲ್ಲದುದು ಎಂದು ಅರ್ಥ. ಬೀದಿಯ ಅಂಗಡಿಗಳ ಮೇಲಣ ಬೋರ್ಡುಗಳನ್ನು ನೋಡಿದವರಿಗೆ ಈ ಅರ್ಥದಲ್ಲಿ ಸಂದೇಹ ಹುಟ್ಟಿದರೆ ಆಶ್ಚರ್ಯವಿಲ್ಲ. ಬಿಸಿಲು ಬಣ್ಣವನ್ನು ಹೀರುತ್ತದೆ. ಮಳೆ ತಗಡನ್ನು ತಿನ್ನುತ್ತದೆ. ಉಳಿದುದನ್ನು ಧೂಳು ಮುಚ್ಚುತ್ತದೆ. ಹೀಗಿದ್ದರೂ ತಾತನು ತೂಗಹಾಕಿಸಿದ ಹಲಗೆಯ ಕೆಳಗೆ ಮೊಮ್ಮಗನು ಕುಳಿತು ವ್ಯಾಪಾರಮಾಡುವುದನ್ನು ನಾವು ಅನೇಕ ಊರುಗಳಲ್ಲಿ ಕಂಡಿದ್ದೇವೆ. ಆ ಅಕ್ಷರಗಳು ಉಳಿದುದು ಬಣ್ಣದ ಗಟ್ಟಿತನವೊಂದರಿಂದಲೇ ಅಲ್ಲ. ಕೆಲವು ವರ್ಷಗಳಿಗೊಮ್ಮೆ ಬರೆಯುವ ಕೈಯೊಂದು ಬಂದು ಅವುಗಳನ್ನು ತಿದ್ದಿಹೋದುದರಿಂದ. ದೇವಾಲಯಗಳ ವಿಷಯದಲ್ಲಿ ನಮ್ಮ ಹಿರಿಯರು ಇಂಥ ಕಾರ್ಯವನ್ನು ಜೀರ್ಣೋದ್ಧಾರವೆಂದು ಕರೆದರು. ಅಂಗಡಿಯ ಹಲಗೆಗೂ ಆ ಮಾತು ಸಲ್ಲುತ್ತದೆಂದು ನಮ್ಮ ಅಭಿಪ್ರಾಯ.

ಬೋರ್ಡು ಬರೆಯುವುದು ಕುಂಚ ಹಿಡಿದೊಡನೆ ಆಗುವ ಕೆಲಸವಲ್ಲ. ತಗಡನ್ನು ಮರದ ಚೌಕಟ್ಟಿಗೆ ಬಿಗಿದು, ಜಿಡ್ಡು ತೆಗೆದು, ಉಪ್ಪುಕಾಗದದಿಂದ ಉಜ್ಜಿ, ತುಕ್ಕು ಹಿಡಿಯದಂತೆ ಮೊದಲು ರೆಡ್ ಆಕ್ಸೈಡ್ ಬಳಿಯಬೇಕು. ಅದರ ಮೇಲೆ ನೆಲದ ಬಣ್ಣವನ್ನು ಎರಡು ಸಲ ಕೊಡಬೇಕು; ಮೊದಲನೆಯದು ಒಣಗುವ ಮುನ್ನ ಎರಡನೆಯದನ್ನು ಬಳಿದರೆ ಸುಕ್ಕು ಏಳುತ್ತದೆ. ಬಳಿಕ ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎಳೆದು ಮಿಡಿದು ಗೆರೆ ಹಾಕುವುದು. ಸೀಮೆಸುಣ್ಣದಲ್ಲಿಯೇ ಅಕ್ಷರಗಳ ಆಕಾರವನ್ನು ಗುರುತಿಸುವುದು. ಕೊನೆಗೆ ಎನಾಮೆಲ್ ಬಣ್ಣದಿಂದ ಬರೆಯುವುದು. ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಕೋಲೊಂದನ್ನು ಎಡಗೈಯಿಂದ ಹಲಗೆಗೆ ಆನಿಸಿ, ಬಲಗೈ ನಡುಗದಂತೆ ಅದರ ಮೇಲೆ ಊರಿಕೊಳ್ಳುತ್ತಾರೆ.

ಕನ್ನಡದ ಅಕ್ಷರಗಳಾದರೋ ಬರೆಯುವವನನ್ನು ಇನ್ನಷ್ಟು ಪರೀಕ್ಷಿಸುತ್ತವೆ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಎರಡು ಗೆರೆಗಳ ನಡುವೆ ಸಾಲಾಗಿ ನಿಂತುಬಿಡುತ್ತವೆ. ನಮ್ಮವಕ್ಕೆ ಮೂರು ಅಂತಸ್ತು ಬೇಕು: ನಡುವೆ ಅಕ್ಷರದ ಒಡಲು, ಮೇಲೆ ತಲೆಕಟ್ಟು ಗುಡಿಸುಗಳು, ಕೆಳಗೆ ಒತ್ತಕ್ಷರ. ‘ಲಕ್ಷ್ಮೀ’ ಎಂಬ ಒಂದು ಮಂಗಳಕರವಾದ ಹೆಸರನ್ನೇ ನೋಡಿ. ಕಕಾರದ ಕೆಳಗೆ ಷಕಾರ, ಅದರೊಡನೆ ಮಕಾರ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ! ಬಲ್ಲವನು ಹೆಸರನ್ನೆಲ್ಲ ಓದಿಕೊಂಡು, ಅತ್ಯಂತ ಭಾರವಾದ ಒತ್ತಕ್ಷರ ಎಲ್ಲಿದೆಯೆಂದು ನೋಡಿಯೇ ಗೆರೆ ಹಾಕುತ್ತಾನೆ. ಈ ಕೆಲಸದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಹೇಳುವಂತೆ, “ಒತ್ತಿಗೆ ಜಾಗ ಬಿಡದೆ ಶುರುಮಾಡಿದರೆ ಮೇಷ್ಟ್ರೇ, ಕಡೆಗೆ ಅದು ಚೌಕಟ್ಟಿನ ಮೇಲೆ ಹೋಗಿ ಕೂತುಕೊಳ್ಳುತ್ತದೆ.”

ಇನ್ನು ಪಾಲನೆಯ ವಿಚಾರ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಬಣ್ಣವನ್ನು ಹಿಡಿದಿಟ್ಟಿರುವ ಅಂಟನ್ನು ಸಡಿಲಿಸುತ್ತವೆ. ಹಳೆಯ ಹಲಗೆಯ ಮೇಲೆ ಬೆರಳಾಡಿಸಿದರೆ ಹಿಟ್ಟಿನಂತೆ ಪುಡಿ ಹತ್ತುವುದು ಇದರಿಂದಲೇ. ಥಳಥಳಿಸುವ ಕೆಂಪುಗಳಲ್ಲಿ ಅನೇಕವು ಬೇಗ ಬಾಡುತ್ತವೆ. ಕಪ್ಪೂ ಕಾವಿಯೂ ತಾಳಿಕೊಳ್ಳುತ್ತವೆ. ಆದರೆ ಹಲಗೆಗೆ ಕೇಡು ಮೊದಲು ಬರುವುದು ಸಾಮಾನ್ಯವಾಗಿ ಮುಂದಿನಿಂದಲ್ಲ, ಹಿಂದಿನಿಂದ. ಬಣ್ಣ ಕಾಣದ ಬೆನ್ನು, ತಗಡಿನ ಅಂಚು, ಮೊಳೆ ಹೊಡೆದ ತೂತು, ಇವೇ ತುಕ್ಕಿನ ಬಾಗಿಲುಗಳು. ಆದಕಾರಣ ಬೆನ್ನಿಗೂ ಬಣ್ಣ ಬಳಿಯಿಸಬೇಕು. ಗೋಡೆಗೂ ಹಲಗೆಗೂ ನಡುವೆ ಗಾಳಿಯಾಡುವಷ್ಟು ಸಂದು ಬಿಡಿಸಬೇಕು. ಒರಸುವುದಕ್ಕೆ ಮೆತ್ತನೆಯ ಬಟ್ಟೆ, ನೀರು, ಸ್ವಲ್ಪ ಸಾಬೂನು ಸಾಕು. ಹೊಳಪು ಬರಲೆಂದು ಟರ್ಪೆಂಟೈನ್ ಹಾಕಿ ತಿಕ್ಕುವವರು ಧೂಳಿನೊಡನೆ ಅಕ್ಷರವನ್ನೂ ಒರಸಿಹಾಕುತ್ತಾರೆ.

ಈಗ ಫ್ಲೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆ ಬಂದಿದೆ. ಬೆಳಿಗ್ಗೆ ಹೇಳಿದರೆ ಸಂಜೆಗೆ ಸಿದ್ಧ; ಬೆಲೆಯೂ ಕಡಮೆ. ಬಡ ವ್ಯಾಪಾರಿ ಅದರ ಕಡೆಗೆ ಕೈಚಾಚಿದುದನ್ನು ನಾವು ದೂಷಿಸಲಾರೆವು. ಆದರೆ ಅದನ್ನು ತಿದ್ದುವಂತಿಲ್ಲ, ಕೆಟ್ಟರೆ ಕಿತ್ತೆಸೆಯಬೇಕು. ನಮ್ಮ ರಾಜ್ಯ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗಳನ್ನು ನಿಷೇಧಿಸಿತು. ಆದರೂ ಅವು ಬೀದಿಗಳಿಂದ ಪೂರ್ತಿ ಮರೆಯಾಗಿಲ್ಲ. 2024ರ ತಿದ್ದುಪಡಿಯ ಕಾಯಿದೆಯ ಪ್ರಕಾರ ಅಂಗಡಿಯ ಹಲಗೆಯಲ್ಲಿ ನೂರಕ್ಕೆ 60 ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು. ಇದು ಸಂತೋಷದ ವಿಷಯವೇ. ಆದರೆ ಕಾಯಿದೆ ಕನ್ನಡಕ್ಕೆ ಸ್ಥಳ ಕೊಡಿಸಬಲ್ಲುದು. ಮಹಾಪ್ರಾಣ ಕಳೆದುಕೊಂಡು ‘ಬಂಡಾರ’ವಾಗಿರುವ ಭಂಡಾರಕ್ಕೆ ಪ್ರಾಣ ಕೊಡಲಾರದು.

ನಮ್ಮ ಬೀದಿಯ ದಿನಸಿ ಅಂಗಡಿಯ ತರುಣನು ಹಳೆಯ ಹಲಗೆಯನ್ನು ಗುಜರಿಗೆ ಹಾಕುವುದೆಂದು ನಿಶ್ಚಯಿಸಿದ್ದನು. ಅವನ ಅಜ್ಜಿ ತಡೆದರು. ಓದುಬರಹವಿಲ್ಲದೆ ಸೊಸೆಯಾಗಿ ಬಂದ ಆಕೆಗೆ ಅಂಗಡಿಯ ಎದುರು ಜಗಲಿಯಲ್ಲಿ ಕುಳಿತು, ಗಂಡನು ಹೇಳಿಕೊಟ್ಟಂತೆ ಆ ಹಲಗೆಯನ್ನು ನೋಡಿಯೇ ಅಕ್ಷರಜ್ಞಾನವಾದುದಂತೆ. “ನನ್ನ ಸ್ಲೇಟು ಕಣಪ್ಪ ಅದು, ಇರಲಿ ಬಿಡು” ಎಂದರು. ತರುಣನು ಮರುಮಾತಾಡಲಿಲ್ಲ. ಹೇಳಿಕಳುಹಿಸಲು ನಮ್ಮ ಶಿಷ್ಯನು ಬಂದು, ಹಲಗೆಯನ್ನು ಕೆಳಗಿಳಿಸಿ, ಬಹಳ ಹೊತ್ತು ನೋಡಿದನು. “ಇದನ್ನು ಹೀಗೇ ಕೆರೆದುಬಿಟ್ಟರೆ ಈ ‘ಕ್ಷ್ಮೀ’ ಮತ್ತೆ ನನ್ನ ಕೈಗೆ ಬರುವುದಿಲ್ಲ ಮೇಷ್ಟ್ರೇ. ಬರೆದವರು ದೊಡ್ಡ ಕೈಗಾರರು” ಎಂದು, ಮೊದಲು ತೆಳುಕಾಗದ ಹರಡಿ ಅಕ್ಷರಗಳ ಅಂಚನ್ನೆಲ್ಲ ತೆಗೆದುಕೊಂಡನು. ಅಂಚಿನುದ್ದಕ್ಕೂ ಸೂಜಿಯಿಂದ ಚುಚ್ಚಿ, ಹೊಸ ಬಣ್ಣ ಒಣಗಿದ ಮೇಲೆ ಕಾಗದವನ್ನಿಟ್ಟು, ಬಟ್ಟೆಯ ಗಂಟಿನಲ್ಲಿ ಸೀಮೆಸುಣ್ಣದ ಪುಡಿ ತುಂಬಿ ತಟ್ಟಿದನು. ಚುಕ್ಕಿಚುಕ್ಕಿಯಾಗಿ ಹಳೆಯ ಹೆಸರು ಹೊಸ ನೆಲದ ಮೇಲೆ ಇಳಿಯಿತು. ಮಗನಿಗೆ ಈ ವಿದ್ಯೆಯನ್ನು ಕಲಿಸಿದೆಯಾ ಎಂದು ಕೇಳಿದೆವು. “ಅವನು ಕಂಪ್ಯೂಟರಿನಲ್ಲಿ ಫ್ಲೆಕ್ಸ್ ಮಾಡುತ್ತಾನೆ ಮೇಷ್ಟ್ರೇ. ಅದೂ ಹೊಟ್ಟೆಪಾಡೇ ತಾನೇ?” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಕಾಗದವನ್ನು ಅವನು ಸುರುಳಿಸುತ್ತಿ, ಮುಂದೆ ಬರೆಯುವವರಿಗೆ ಬೇಕಾದೀತೆಂದು ಅಂಗಡಿಯ ಪೆಟ್ಟಿಗೆಯಲ್ಲಿಯೇ ಇಡಿಸಿದ್ದಾನೆ.

ವಾಚಕರಲ್ಲಿ ಯಾರ ಮನೆತನಕ್ಕಾದರೂ ಇಂಥ ಹಲಗೆಯಿದ್ದರೆ, ಮಳೆಗಾಲಕ್ಕೆ ಮುಂಚೆ ಅದರ ಬೆನ್ನನ್ನೂ ಅಂಚುಗಳನ್ನೂ ಒಮ್ಮೆ ನೋಡಿಸಬೇಕೆಂದು ಕೋರುತ್ತೇವೆ. ಬಣ್ಣ ಬಾಡಿದ್ದರೆ ಚಿಂತೆಯಿಲ್ಲ. ಅಕ್ಷರದ ಅಂಚು ಕಣ್ಣಿಗೆ ಕಾಣುತ್ತಿರುವಷ್ಟು ಕಾಲ ಅದನ್ನು ಉದ್ಧರಿಸಬಹುದು. ಅಂಚು ಅಳಿದ ಮೇಲೆ ಬರೆಯುವುದು ಹೊಸ ಹಲಗೆಯೇ ಸರಿ. ಆದುದರಿಂದ ಕಾಣುತ್ತಿರುವಾಗಲೇ, ಬರೆಯಬಲ್ಲ ಕೈಗಳು ಊರಿನಲ್ಲಿ ಇರುವಾಗಲೇ, ಕರೆಸಿಕೊಳ್ಳತಕ್ಕದ್ದು.