ಅಮ್ಮನ ತೊಡೆಮೂಳೆ

ಎಲುಬಿಲ್ಲದ ನಾಲಿಗೆ ಹೇಗೆಂದರೆ ಹಾಗೆ ಹೊರಳುತ್ತದೆ ಎಂದು ಬೈಯುವ ನಾವು, ಎಲುಬಿರುವ ಉಳಿದ ಮೈಯನ್ನು ನೆನೆಯುವುದು ಅದು ಮುರಿದಾಗಲೇ. ನಮ್ಮಮ್ಮ ಬಚ್ಚಲಲ್ಲಿ ಜಾರಿದಾಗ ತಲೆ ಹಂಡೆಗೆ ಬಡಿದಿತ್ತು. ಬುರುಡೆ ತಡೆದುಕೊಂಡಿತು, ಮಿದುಳಿಗೆ ಏನೂ ಆಗಲಿಲ್ಲ. ಮುರಿದದ್ದು ತೊಡೆಮೂಳೆಯ ಕುತ್ತಿಗೆ. ವಯಸ್ಸಾದ ಹೆಂಗಸರಲ್ಲಿ ಸಾಮಾನ್ಯವಾದ ಮುರಿತವೇ. ಆದರೆ ಮಲಗಿದವರು ಮತ್ತೆ ಏಳದಿರುವ ಭಯ ಅದರ ಬೆನ್ನಿಗೇ ಇರುತ್ತದೆ.

"ಕಂಬ ಮುರಿದ ಮೇಲೆ ಮಾಡು ನಿಲ್ಲುತ್ತೇನೋ?" ಎಂದಳು ಅಮ್ಮ.

ಕಂಬದ ಹೋಲಿಕೆ ಅರ್ಧ ಮಾತ್ರ ಸರಿ. ಮರದ ಕಂಬ ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುವುದಿಲ್ಲ. ಮೂಳೆಯಲ್ಲಿ ಕೆಡವುವ ಕೋಶಗಳೂ ಕಟ್ಟುವ ಕೋಶಗಳೂ ಹಗಲಿರುಳು ದುಡಿಯುತ್ತವೆ. ವರ್ಷಕ್ಕೆ ಸುಮಾರು ನೂರರಲ್ಲಿ 10 ಪಾಲು ಹೊಸದಾಗುತ್ತದೆ. ಮುಟ್ಟು ನಿಂತ ಮೇಲೆ ಕೆಡವುವವರ ಕೈ ಮೇಲಾಗುತ್ತದೆ. ಸಾಲದ್ದಕ್ಕೆ ಮೂಳೆ ಕಣಜವೂ ಹೌದು. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲೇ ಇರುವುದು. ಐದು ಮಕ್ಕಳಿಗೆ ಹಾಲೂಡಿಸಿದ ಅಮ್ಮ ಆ ಕಣಜದಿಂದ ಎಷ್ಟು ಸೇರು ಅಳೆದು ಕೊಟ್ಟಿದ್ದಳೋ! ಲೆಕ್ಕ ಇಟ್ಟವರಾರು?

ಡಾಕ್ಟರು ಮುರಿದ ಭಾಗ ತೆಗೆದು ಲೋಹದ ಗುಂಡು ಕೂರಿಸಿದರು. ಮರುದಿನವೇ ಎದ್ದು ನಿಲ್ಲಿಸಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಭಾರ ಹೊತ್ತರೇ ಮೂಳೆ ಗಟ್ಟಿ. ತೂಕವೇ ಇಲ್ಲದ ಬಾಹ್ಯಾಕಾಶದಲ್ಲಿ ತರುಣ ಯಾತ್ರಿಗಳ ಸೊಂಟದ ಮೂಳೆಯೂ ವ್ಯಾಯಾಮ ತಪ್ಪಿದರೆ ತಿಂಗಳಿಗೆ ನೂರರಲ್ಲಿ 1 ಪಾಲಿನಷ್ಟು ಸವೆಯುತ್ತದೆ. ಮಂಚದ ಮೇಲಿನ ಮುದುಕಿಯ ಪಾಡೇನು?

ಮೂರನೆಯ ವಾರ ವಾಕರ್ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದ ಅಮ್ಮ, "ಹಾಲು ಉಕ್ಕುತ್ತಿದೆ, ಯಾರಿಗೂ ಕಣ್ಣಿಲ್ಲವೇನ್ರೇ?" ಎಂದು ಸೊಸೆಯರ ಮೇಲೆ ರೇಗಿದಳು.